ಶಾಸಕರಿಗಾಗಿ ತುಂಬಿಸಿದ ಹೊಂಡಗಳು

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನ ಗಂಡನದು. ಚುನಾವಣೆ ಬಂತೆಂದರೆ ಜಗಲಿಯ ಎಡಗಡೆಯ ಕಂಬದಲ್ಲಿ ಅವರ ಬಾವುಟ, ಬಲಗಡೆಯ ಕಂಬದಲ್ಲಿ ನಮ್ಮದು. ಮತ ಕೇಳಲು ಬಂದವರು ಅಂಗಳದಲ್ಲೇ ನಿಂತು ಯಾವ ಕಡೆಯಿಂದ ಮೆಟ್ಟಿಲು ಹತ್ತಬೇಕೆಂದು ಯೋಚಿಸುತ್ತಿದ್ದರು. ಯಾರು ಬಂದರೂ ಚಹಾ ಮಾಡುವವಳು ಮಾತ್ರ ನಾನೇ. ಅವರ ಪಕ್ಷದವರಿಗೆ ಸಕ್ಕರೆ ಸ್ವಲ್ಪ ಕಡಿಮೆ ಹಾಕುತ್ತಿದ್ದೆ. ಈಗ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಮೂಡುಬಿದಿರೆಯಿಂದ ಪುತ್ತಿಗೆಯ ಕಡೆಗೆ ಬಂದು, ಅಲ್ಲಿಂದ ಮತ್ತೆ ಒಳಗೆ ತಿರುಗಿದರೆ ನಮ್ಮ ಊರು. ನನ್ನ ಗಂಡ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಕೆಲಸಕ್ಕಿದ್ದರು. ನಾನು ಬೀಡಿ ಕಟ್ಟುತ್ತಿದ್ದೆ. ಹತ್ತನೆಯ ತನಕ ಓದಿ, ಗಣಿತದಲ್ಲಿ ಬಿದ್ದು, ಮತ್ತೆ ಏಳುವ ಮೊದಲೇ ಮದುವೆಯಾದವಳು. ಆದರೆ ನನ್ನ ಅಕ್ಷರ ಚೆಂದ ಇತ್ತು. ನಮ್ಮಲ್ಲಿ ಎಲ್ಲರೂ ಮಾತಾಡುವುದು ತುಳು, ಸರಕಾರಕ್ಕೆ ಬರೆಯಬೇಕಾದ್ದು ಕನ್ನಡ. ಅಳುಕದೆ ನಾಲ್ಕು ಸಾಲು ಕನ್ನಡ ಬರೆಯುವವರು ನಮ್ಮ ಪಕ್ಷದ ಗ್ರಾಮ ಘಟಕಕ್ಕೆ ಬೇಕಿತ್ತು. ಸಮಿತಿಯ ಪಟ್ಟಿಯಲ್ಲಿ ಒಬ್ಬಳು ಹೆಂಗಸೂ ಬೇಕಿತ್ತು. ಎರಡನ್ನೂ ನನ್ನೊಬ್ಬಳಲ್ಲೇ ಮುಗಿಸಿಕೊಂಡರು.

ಘಟಕ ಅಂದರೆ ದೊಡ್ಡದೇನೂ ಅಲ್ಲ. ಅಧ್ಯಕ್ಷರು ಊರಿನ ಹಳೆಯ ಜೈನ ಮನೆತನದ ಹಿರಿಯರು, ನಾವೆಲ್ಲ ಧನಿಗಳು ಎಂದು ಕರೆಯುತ್ತಿದ್ದವರು. ಭೂಸುಧಾರಣೆಯಲ್ಲಿ ಅರ್ಧ ಗದ್ದೆ ಹೋಗಿತ್ತು. ಉಪಚಾರ ಮಾತ್ರ ಒಂದು ಸೇರೂ ಕಡಿಮೆಯಾಗಿರಲಿಲ್ಲ. ಕಾರ್ಯದರ್ಶಿ, ಜಿನಸು ಅಂಗಡಿ ಇಟ್ಟಿದ್ದ ಮುಸ್ಲಿಂ ಬ್ಯಾರಿಗಳು. ಇಡೀ ಊರಿಗೆ ಅವರು ಕಾಕ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಮೇಲೆ ಕುಳಿತು ನಮ್ಮ ಸಭೆ. ನಾನು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ನಡುನಡುವೆ ಠರಾವು ಬರೆಯುತ್ತಿದ್ದೆ. ಆ ಮೂಟೆಗಳ ಮೇಲೆ ಕುಳಿತಾಗ ಇಡೀ ದೇಶ ನಮ್ಮ ಮಾತಿಗೆ ಕಾಯುತ್ತಿದೆ ಎಂಬ ಭಾವನೆ ಬರುತ್ತಿತ್ತು. ಪೋಸ್ಟರು ಅಂಟಿಸಲು ಮೈದಾ ಕಾಯಿಸಿದ ಅಂಟಿನ ವಾಸನೆ ಈಗ ಬಂದರೂ ನನಗೆ ಚುನಾವಣೆಯೇ ನೆನಪಾಗುವುದು.

ಮೈಕು ನನ್ನ ಕೈಗೆ ಬಂದದ್ದು ಆಕಸ್ಮಿಕವಾಗಿ. ಒಂದು ಸಲ ಪ್ರಚಾರದ ಜೀಪಿನಲ್ಲಿ ಕೂಗಲು ಬಂದವನ ಗಂಟಲು ಎರಡನೆಯ ದಿನಕ್ಕೆ ಕಟ್ಟಿತು. ಕಾಕ ನನ್ನನ್ನು ನೋಡಿ, "ತಂಗೀ, ನೀನು ಗಂಡನಿಗೆ ಬೈಯುವಾಗ ನನ್ನ ಅಂಗಡಿಗೆ ಕೇಳ್ತದೆ. ನೀನೇ ಹತ್ತು ಜೀಪು" ಅಂದರು. ಹತ್ತಿದೆ. ನನ್ನದೇ ಧ್ವನಿ ಗುಡ್ಡಕ್ಕೆ ಬಡಿದು ನನಗೇ ಮರಳಿ ಕೇಳಿದಾಗ ಮೈಯೆಲ್ಲ ರೋಮ ಎದ್ದು ನಿಂತಿತು. ಗದ್ದೆಯಲ್ಲಿದ್ದ ಹೆಂಗಸರು ನಟ್ಟಿ ಬಿಟ್ಟು ನೆಟ್ಟಗಾಗಿ ನೋಡಿದರು. ಆ ಸಂತೋಷಕ್ಕೆ ಸಮನಾದ ಸಂತೋಷ ಆ ತನಕ ನನಗೆ ಸಿಕ್ಕಿರಲಿಲ್ಲ ಎಂದರೆ ನನ್ನ ಗಂಡ ಬೇಸರ ಮಾಡಿಕೊಳ್ಳಬಾರದು.

ಈಗ ಬಸ್ಸಿನ ವಿಷಯ. ಮೂಡುಬಿದಿರೆಯಿಂದ ಬರುತ್ತಿದ್ದ ಖಾಸಗಿ ಬಸ್ಸಿನ ನೆತ್ತಿಯ ಬೋರ್ಡಿನಲ್ಲಿ ನಮ್ಮ ಊರಿನ ಹೆಸರು ದಪ್ಪಕ್ಷರದಲ್ಲಿತ್ತು. ಪರ್ಮಿಟ್ಟಿನಲ್ಲೂ ನಮ್ಮ ಊರೇ ಕೊನೆಯ ನಿಲ್ದಾಣ. ಬಸ್ಸು ಮಾತ್ರ ನಮ್ಮ ಊರನ್ನು ಕಂಡದ್ದಿಲ್ಲ. ಮೂರು ಕಿಲೋಮೀಟರ್ ಹಿಂದೆ, ಅಶ್ವತ್ಥದ ಕಟ್ಟೆಗೆ ಒಂದು ಸುತ್ತು ಹಾಕಿ ಮೂಡುಬಿದಿರೆಗೆ ವಾಪಸ್ಸು. ಕೇಳಿದರೆ, "ನಿಮ್ಮ ರಸ್ತೆ ಸರಿ ಮಾಡಿಸಿ, ಬರ್ತೇವೆ" ಎಂಬ ಉತ್ತರ. ಮಣ್ಣಿನ ರಸ್ತೆ, ಮಧ್ಯದಲ್ಲಿ ಒಂದು ಇಳಿಜಾರು, ಆ ಇಳಿಜಾರಿನ ಬುಡದಲ್ಲಿ ಎಮ್ಮೆ ಮಲಗುವಷ್ಟು ದೊಡ್ಡ ಹೊಂಡ. ಕಟ್ಟೆಯಿಂದ ಆಚೆಗೆ ಎಲ್ಲರದೂ ಕಾಲ್ನಡಿಗೆ.

ಆ ವರ್ಷ ನನ್ನ ಮಗಳು ಹತ್ತನೆಯ ತರಗತಿ ಪರೀಕ್ಷೆ ಬರೆದಿದ್ದಳು. ಗಣಿತದಲ್ಲಿ ನಾನು ಬಿದ್ದಲ್ಲಿ ಅವಳು ಕುಣಿಯುತ್ತಿದ್ದಳು. ಮೂಡುಬಿದಿರೆಗೆ ಹೋಗಿ ವಿಜ್ಞಾನ ಓದಬೇಕೆಂದು ಅವಳ ಆಸೆ, ಅವಳಿಗಿಂತ ಹೆಚ್ಚು ನನ್ನ ಆಸೆ. ಅವಳ ಅಪ್ಪ ಒಪ್ಪಲಿಲ್ಲ. ಕೆಟ್ಟ ಮನುಷ್ಯ ಎಂದಲ್ಲ. ಮಳೆಗಾಲದ ಸಂಜೆ ಗೇರು ಗುಡ್ಡದ ನಡುವೆ ಮೂರು ಕಿಲೋಮೀಟರ್ ಹುಡುಗಿ ಒಬ್ಬಳೇ ನಡೆದು ಬರುವುದನ್ನು ನೆನೆದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಅದನ್ನು ಹಾಗೆ ಹೇಳದೆ, ರಾಜಕೀಯ ಮಾಡಿ ಹೇಳಿದರು.

"ನಿನ್ನ ಪಕ್ಷದ ಎಂ.ಎಲ್.ಎ. ಅಲ್ಲವಾ ಇರುವುದು? ನಿನ್ನ ಘಟಕಕ್ಕೆ ತಾಕತ್ತು ಉಂಟಾದ್ರೆ ಬಸ್ಸು ನಮ್ಮ ಮನೆ ಹತ್ತಿರದ ತಿರುವಿನ ತನಕ ಬರ್ಲಿ. ಬಂದ ದಿನವೇ ಕಾಲೇಜಿಗೆ ಕಳಿಸ್ತೇನೆ. ಬಾರದಿದ್ರೆ ಅವಳೂ ನಿನ್ನ ಹಾಗೆ ಮೊರ ಇಟ್ಟುಕೊಂಡು ಕೂತ್ಕೊಳ್ಳಲಿ."

ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಆಗ್ಬಹುದು" ಅಂದೆ. "ಸೋತ ಮೇಲೆ ಮಾತು ತಿರುಗಿಸಬಾರದು."

"ತಿರುಗಿಸುವುದು ನಿಮ್ಮ ಪಕ್ಷದವರ ಅಭ್ಯಾಸ ಮಾರಾಯ್ತಿ, ನಮ್ಮದಲ್ಲ" ಅಂದರು.

ಅಲ್ಲಿಂದ ನನಗೆ ಬೇರೆ ಲೋಕ ಇರಲಿಲ್ಲ. ಮನವಿಯ ಮೇಲೆ ಮನವಿ ಬರೆದೆ. "ಮಾನ್ಯರೇ, ಸದ್ರಿ ರಸ್ತೆಯಲ್ಲಿ ಮೊಣಕಾಲುದ್ದದ ಹೊಂಡಗಳಿದ್ದು, ಮಕ್ಕಳು, ರೋಗಿಗಳು, ವಯೋವೃದ್ಧರು ಸಂಚರಿಸಲು ತೀವ್ರ ತೊಂದರೆಯಾಗಿರುತ್ತದೆ" ಎಂದು ಆರಂಭಿಸಿದರೆ ಪೆನ್ನು ತಾನಾಗಿ ಓಡುತ್ತಿತ್ತು. ಮನೆ ಮನೆಗೆ ಹೋಗಿ ಸಹಿ ಮಾಡಿಸಿದೆ. ಸಹಿ ಬಾರದವರ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ. ಗಲ್ಫಿನಿಂದ ರಜೆಗೆ ಬಂದಿದ್ದ ಕಾಕನ ಮಗ ಇಂಗ್ಲಿಷಿನಲ್ಲಿ ಸಹಿ ಹಾಕಿದಾಗ ಇನ್ನು ಕೆಲಸ ಆದ ಹಾಗೆಯೇ ಎಂದು ನಮಗೆ ಧೈರ್ಯ ಬಂತು. ಧನಿಗಳು, ಕಾಕ, ನಾನು ಮೂವರೂ ಶಾಸಕರ ಮನೆಗೆ ಹೋದೆವು. ಅವರು ಮನವಿ ಓದಿ, "ಮೊಣಕಾಲುದ್ದದ ಹೊಂಡವಾ? ಬಂದು ನಾನೇ ನೋಡ್ತೇನೆ" ಎಂದರು. ಮೇ ತಿಂಗಳ ಒಂದು ಭಾನುವಾರ ಗೊತ್ತಾಯಿತು.

ಶಾಸಕರು ನಮ್ಮ ಊರಿಗೆ! ಹಿಂದೆ ಬಂದದ್ದೆಲ್ಲ ಜೀಪು, ಕರಪತ್ರ, ಧ್ವನಿ. ಶಾಸಕರೇ ಬಂದದ್ದಿಲ್ಲ. ಊರಿಗೆ ಊರೇ ಮದುವೆ ಮನೆಯ ಹಾಗಾಯಿತು. ಶಾಲೆಯ ಅಂಗಳದಲ್ಲಿ ಚಪ್ಪರ, ಧನಿಗಳ ಮನೆಯಿಂದ ಕುರ್ಚಿ, ಪುನರ್ಪುಳಿ ಶರಬತ್ತಿಗೆ ಮೂರು ಮನೆಯ ಹಂಡೆ. ಬಸ್ಸಿನ ಮಾಲಕರನ್ನೂ ಕರೆಯಬೇಕೆಂದು ನಾನೇ ಹಟ ಹಿಡಿದೆ. ಕಣ್ಣೆದುರೇ ಶಾಸಕರು ಹೊಂಡ ನೋಡಿ, ಕಣ್ಣೆದುರೇ ಡಾಮರು ಮಂಜೂರು ಮಾಡಿ, ಕಣ್ಣೆದುರೇ ಮಾಲಕರು ಹೂಂ ಅನ್ನಬೇಕೆಂದು ನನ್ನ ಲೆಕ್ಕಾಚಾರ.

ಶುಕ್ರವಾರ ಧನಿಗಳು ಅಂಗಡಿಗೆ ಬಂದವರೇ, ಮೂಟೆಯ ಮೇಲೆ ಕುಳಿತುಕೊಳ್ಳದೆ ನಿಂತೇ ಮಾತಾಡಿದರು.

"ಕಾಕ, ನನಗೊಂದು ನಾಚಿಕೆ ಆಗ್ತಾ ಉಂಟು. ಅಷ್ಟು ದೊಡ್ಡವರು ಬರ್ತಾರೆ. ಅವರ ಕಾರಿನ ಅಡಿ ನಮ್ಮ ಇಳಿಜಾರಿನಲ್ಲಿ ಕಲ್ಲಿಗೆ ಬಡಿದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?"

ಕಾಕನಿಗೂ ಅದು ಹೌದೆನ್ನಿಸಿತು. "ಬರುವ ಮನುಷ್ಯನಿಗೆ ದಾರಿಯಲ್ಲೇ ಉಪದ್ರ ಕೊಟ್ರೆ ಹೇಗೆ? ನಾಳೆ ಒಂದು ಶ್ರಮದಾನ ಇಡುವ" ಅಂದರು.

ನಾನೇನು ಮಾಡಿದೆ ಅಂದುಕೊಂಡಿರಿ? ತಲೆ ಚಚ್ಚಿಕೊಂಡೆನೇ? ಇಲ್ಲ. ಕುಣಿದಾಡಿಕೊಂಡು ಹೋಗಿ ಮೈಕು ಹಿಡಿದೆ. "ಊರ ಸಮಸ್ತ ಬಂಧುಗಳೇ, ನಾಳೆ ಬೆಳಿಗ್ಗೆ ಹಾರೆ, ಪಿಕ್ಕಾಸು, ಬುಟ್ಟಿಗಳೊಂದಿಗೆ ಬನ್ನಿ" ಎಂದು ಗುಡ್ಡದಿಂದ ಗುಡ್ಡಕ್ಕೆ ಕೂಗಿದೆ. ಶನಿವಾರ ಹೊತ್ತು ಮೂಡುವಾಗಲೇ ಐವತ್ತು ಜನ ಸೇರಿದ್ದರು. ಯಾರೋ ಹಾಡಿದರು, ಯಾರೋ ಜೈಕಾರ ಹಾಕಿದರು. ಹೊಂಡ ಹೊಂಡಕ್ಕೂ ಮಣ್ಣು ಸುರಿದೆವು. ನೀರು ಚಿಮುಕಿಸಿ, ಕಾಲಿನಲ್ಲಿ ತುಳಿದು, ಸೆಗಣಿ ಸಾರಿಸಿದ ಅಂಗಳದ ಹಾಗೆ ಮಾಡಿದೆವು. ಆ ಮೊಣಕಾಲುದ್ದದ ಹೊಂಡಕ್ಕೆ ನಾನೊಬ್ಬಳೇ ಎಷ್ಟು ಬುಟ್ಟಿ ಹೊತ್ತು ಹಾಕಿದೆನೋ! ಅವಲಕ್ಕಿ, ಬೆಲ್ಲ, ಚಹಾ ಆಯಿತು. ಎರಡೂ ಬದಿಗೆ ಬಣ್ಣದ ಕಾಗದದ ತೋರಣ ಬೇರೆ.

ನನ್ನ ಗಂಡ ಕೋರೆಯಿಂದ ಬರುತ್ತಾ ಇಳಿಜಾರಿನಲ್ಲಿ ನಿಂತರು. ಚಪ್ಪಲಿಯ ತುದಿಯಿಂದ ಮಣ್ಣನ್ನು ಒಮ್ಮೆ ಒತ್ತಿ ನೋಡಿದರು. ನಮ್ಮನ್ನೆಲ್ಲ ಒಮ್ಮೆ ನೋಡಿದರು. ಬಾಯಿಯ ಒಂದು ಬದಿಯಲ್ಲಿ ನಗುತ್ತಾ ಹೋದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಭಾನುವಾರ ಶಾಸಕರ ಬಿಳಿ ಕಾರು ಬಂತು. ಬಂತು ಅಂದರೆ ತೇಲಿಕೊಂಡು ಬಂತು. ಒಂದು ಕಡೆ ಕುಲುಕಲಿಲ್ಲ, ಒಂದು ಕಡೆ ಬ್ರೇಕು ಹಾಕಲಿಲ್ಲ. ಪಟಾಕಿ ಸಿಡಿಯಿತು. ಶಾಸಕರು ಇಳಿದು ಕೈ ಮುಗಿದು ನಾನು ಬರೆದ ಮನವಿಯನ್ನು ಕಿಸೆಯಿಂದ ತೆಗೆದು ಒಮ್ಮೆ ನೋಡಿದರು, ರಸ್ತೆಯ ಕಡೆಗೆ ಒಮ್ಮೆ ನೋಡಿದರು.

"ಮೊಣಕಾಲುದ್ದದ ಹೊಂಡ ಅಂತ ಬರ್ದಿದ್ದೀರಿ. ಎಲ್ಲಿ ಉಂಟು?"

ಧನಿಗಳ ಮುಖ ಹೆಮ್ಮೆಯಿಂದ ಅರಳಿತು. "ಅದು ಈಗ ಇಲ್ಲ ಸ್ವಾಮೀ. ತಮಗೆ ತೊಂದರೆ ಆಗ್ಬಾರ್ದು ಅಂತ ನಾವೇ ತುಂಬಿಸಿದ್ದೇವೆ."

ಆ ಕ್ಷಣದಲ್ಲೇ ನನಗೆ ಎಲ್ಲ ತಿಳಿಯಿತು. ಐವತ್ತು ಜನ, ಒಂದು ದಿನ, ಹಾರೆ ಪಿಕ್ಕಾಸು, ಅವಲಕ್ಕಿ ಬೆಲ್ಲ, ಎಲ್ಲ ಸೇರಿ ನಮ್ಮ ಸಾಕ್ಷಿಯನ್ನು ನಾವೇ ಹೂತು, ಮೇಲೆ ತೋರಣ ಕಟ್ಟಿದ್ದೆವು. ಕಾಕನ ಕಡೆಗೆ ನೋಡಿದೆ. ಕಾಕ ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಟೋಪಿ ಹಾಕಿಕೊಂಡರು. ಚಪ್ಪರದ ಹಿಂದಿನ ಸಾಲಿನಲ್ಲಿ ತಮ್ಮ ಪಕ್ಷದ ನಾಲ್ಕೈದು ಜನರ ಜೊತೆ ಕೈ ಕಟ್ಟಿ ನಿಂತಿದ್ದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗಳು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿದ್ದಳು.

ಶಾಸಕರು ಮೈಕಿನ ಮುಂದೆ ಬಂದು ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. "ನಾನು ಎಷ್ಟೋ ಗ್ರಾಮ ನೋಡಿದ್ದೇನೆ. ಇಷ್ಟು ಒಳ್ಳೆಯ ಮಣ್ಣಿನ ರಸ್ತೆ ಎಲ್ಲೂ ನೋಡಲಿಲ್ಲ. ಬೇರೆ ಕಡೆ ಡಾಮರು ರಸ್ತೆಯೂ ಹೀಗಿಲ್ಲ. ನಿಮ್ಮ ಶ್ರಮಕ್ಕೆ ಮೆಚ್ಚಿ ನನ್ನ ನಿಧಿಯಿಂದ ಒಂದು ಬಸ್ಸು ತಂಗುದಾಣ ಕೊಡ್ತೇನೆ!"

ಜನ ಚಪ್ಪಾಳೆ ಹೊಡೆದರು. ಬಸ್ಸೇ ಬಾರದ ಊರಿಗೆ ತಂಗುದಾಣ! ನಾನು ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಕಾರ್ಯಕ್ರಮ ನಿರೂಪಕ, "ಈಗ ಧನ್ಯವಾದ ಸಮರ್ಪಣೆ" ಎಂದು ನನ್ನನ್ನು ಕರೆದ.

ಮೈಕಿನ ತನಕ ಹತ್ತು ಹೆಜ್ಜೆ. ನಾನು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ ಯಾರ್ಯಾರಿಗೆ ವಂದನೆ ಎಂದು ಸಾಲಾಗಿ ಇತ್ತು. ಐದನೆಯ ಹೆಜ್ಜೆಗೆ ನನ್ನ ಕಣ್ಣಿಗೆ ಬಿದ್ದವರು ಮೊದಲ ಸಾಲಿನಲ್ಲಿ ಶರಬತ್ತು ಹಿಡಿದುಕೊಂಡು ಕುಳಿತಿದ್ದ ಬಸ್ಸಿನ ಮಾಲಕರು. ತಲೆಯಲ್ಲಿ ಏನೋ ಹೊತ್ತಿಕೊಂಡಿತು. ಚೀಟಿಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿದೆ.

"ಮಾನ್ಯ ಶಾಸಕರಿಗೆ ನಮ್ಮ ಊರಿನ ವಂದನೆಗಳು" ಎಂದು ಆರಂಭಿಸಿದೆ. "ನಮ್ಮ ರಸ್ತೆ ಸರಿ ಇಲ್ಲ ಎಂದು ಇಷ್ಟು ವರ್ಷ ಬಸ್ಸು ಕಟ್ಟೆಯಲ್ಲೇ ತಿರುಗುತ್ತಿತ್ತು. ಇವತ್ತು ಮಾನ್ಯ ಶಾಸಕರೇ ಕಾರಿನಲ್ಲಿ ಬಂದು, ಇಷ್ಟು ಒಳ್ಳೆಯ ರಸ್ತೆ ಎಲ್ಲೂ ಇಲ್ಲ ಎಂದು ನಿಮ್ಮೆಲ್ಲರ ಎದುರು ಹೇಳಿದ್ದಾರೆ. ತಂಗುದಾಣವನ್ನೂ ಕೊಟ್ಟಿದ್ದಾರೆ. ಆದ್ದರಿಂದ ಕಾಲೇಜು ಶುರುವಾಗುವ ದಿನದಿಂದ ಬಸ್ಸು ನಮ್ಮ ಊರಿಗೆ ಬರುತ್ತದೆ. ಇಲ್ಲೇ ಕುಳಿತಿರುವ ಬಸ್ಸಿನ ಮಾಲಕರಿಗೆ ಊರಿನವರೆಲ್ಲರ ಪರವಾಗಿ ಮುಂಗಡವಾಗಿ ಧನ್ಯವಾದಗಳು!"

ಕಾಕ ಎದ್ದು ಚಪ್ಪಾಳೆ ಹೊಡೆದರು ನೋಡಿ! ಚಪ್ಪರದ ತೆಂಗಿನ ಗರಿ ಹಾರುವಂಥ ಚಪ್ಪಾಳೆ ಶುರುವಾಯಿತು. ಶಾಸಕರೂ ನಕ್ಕು ಮಾಲಕರ ಭುಜ ತಟ್ಟಿ, "ಬಿಡಿ, ಬಿಡಿ, ಬಸ್ಸು ಬಿಡಿ" ಅಂದರು. ಮಾಲಕರ ಶರಬತ್ತು ಅಂಗಿಗೆ ಚೆಲ್ಲಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಹಿಂದಿನ ಸಾಲಿನ ನಗು ನಿಂತದ್ದನ್ನು ಮಾತ್ರ ಸರಿಯಾಗಿ ಗಮನಿಸಿಕೊಂಡೆ.

ಆದರೆ ಬಸ್ಸಿನ ಮಾಲಕರು ಹೊರಡುವ ಮೊದಲು ನನ್ನನ್ನು ಬದಿಗೆ ಕರೆದರು. ಕೋಪದ ಮನುಷ್ಯರಲ್ಲ, ವ್ಯವಹಾರದವರು. "ನೋಡಮ್ಮ, ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್ ಬಿಡ್ತೇನೆ. ಇದು ಮಣ್ಣು ಅಂತ ನನಗೂ ಗೊತ್ತುಂಟು, ನಿಮಗೂ ಗೊತ್ತುಂಟು. ಒಂದೇ ಒಂದು ಸಲ ಟಯರು ಹೂತ್ರೆ ಮರುದಿನದಿಂದ ಕಟ್ಟೆಯಲ್ಲೇ ತಿರುಗಿಸುವುದು. ಮತ್ತೆ ಮೈಕು ಹಿಡಿಯಬಾರ್ದು."

ಮಗಳ ಫಲಿತಾಂಶ ಬಂತು, ಪ್ರಥಮ ದರ್ಜೆ. ಮರುವಾರವೇ ಅವಳಿಗೆ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಅವಳ ಅಪ್ಪ ಅರ್ಜಿಗೆ ಸಹಿ ಹಾಕಿದರು. ಹಾಕುವಾಗ, "ಬಸ್ಸು ಬಂದ್ರೆ ಮಾತ್ರ" ಎಂದು ಮತ್ತೊಮ್ಮೆ ಹೇಳಲು ಮರೆಯಲಿಲ್ಲ.

ಕಾಲೇಜು ಶುರುವಾಗಲು ನಾಲ್ಕು ದಿನ ಇರುವಾಗ ಮಳೆ ಹಿಡಿಯಿತು. ಎಂಥ ಮಳೆ ಅಂತೀರಿ! ನಾವು ಹಾಡು ಹಾಡಿ ತುಂಬಿಸಿದ ಮಣ್ಣೆಲ್ಲ ಕೆಂಪು ಗಂಜಿಯಾಗಿ ತೋಡಿಗೆ ಹರಿಯಿತು. ಇಳಿಜಾರಿನ ಬುಡದ ಹೊಂಡ ಮೊದಲಿಗಿಂತ ದೊಡ್ಡದಾಗಿ ಬಾಯಿ ತೆರೆಯಿತು. ನಾನು ಕೊಡೆ ಹಿಡಿದು ಧನಿಗಳಲ್ಲಿಗೆ ಓಡಿದೆ, ಕಾಕನಲ್ಲಿಗೆ ಓಡಿದೆ. ಮೂವರೂ ಸೇರಿ ಇನ್ನಷ್ಟು ಮಣ್ಣು ಹಾಕಿಸಿದೆವು. ಒಂದು ಜಡಿಮಳೆಗೆ ಅದೂ ಹೋಯಿತು. ತೆಂಗಿನ ಮಡಲು ಹಾಸಿದೆವು, ಮಡಲು ತೇಲಿತು. ಮಂಡಿ ನೋವಿನ ಧನಿಗಳು ಮಳೆಯಲ್ಲಿ ನಿಂತು, "ತಪ್ಪು ನನ್ನದು ಮಗಾ. ಅವತ್ತೇ ಹೊಂಡ ತೋರಿಸಿದ್ರೆ ಡಾಮರಾದ್ರೂ ಸಿಗ್ತಿತ್ತು" ಅಂದಾಗ ನನಗೆ ಅಳು ಬಂತು. ನಾನೇ ಬುಟ್ಟಿ ಹೊತ್ತವಳು, ಅವರಿಗೆ ಹೇಗೆ ಬೈಯಲಿ?

ಮನೆಗೆ ಬಂದರೆ ಗಂಡ ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಿದ್ದರು. ಮಳೆಗಾಲಕ್ಕೆ ಕೋರೆ ಮುಚ್ಚಿ, ಕೆಲಸ ಇರಲಿಲ್ಲ. "ಮಣ್ಣು ಹಾಕಿ ಮಣ್ಣು ಹಾಕಿ ಎಷ್ಟು ಹಾಕ್ತೀರಿ?" ಎಂದು ಕೇಳಿದರು. ಹೊಸ ಚೀಲಕ್ಕೆ ಹೊಸ ಪುಸ್ತಕ ತುಂಬುತ್ತಿದ್ದ ಮಗಳು, "ಅಮ್ಮಾ, ಟಯರು ಹೂತ್ರೆ ನಾನು ಎಂತ ಮಾಡುವುದು?" ಎಂದಳು.

ಕಾಲೇಜಿನ ದಿನ ಬೆಳಿಗ್ಗೆ ನಾನು ಏಳುವಾಗ ಗಂಡ ಮನೆಯಲ್ಲಿರಲಿಲ್ಲ. ಮಗಳ ಮೊದಲ ದಿನಕ್ಕೆ ಇರಲಿಕ್ಕೂ ಮನಸ್ಸು ಬರಲಿಲ್ಲವಲ್ಲ ಈ ಮನುಷ್ಯನಿಗೆ ಎಂದು ದೋಸೆ ಕಾವಲಿಯ ಮೇಲೆ ಸಿಟ್ಟು ತೀರಿಸಿಕೊಂಡೆ. ಮಗಳನ್ನು ತಿರುವಿನಲ್ಲಿ ಕಾಕನ ಜೊತೆ ನಿಲ್ಲಿಸಿ, ಇಳಿಜಾರಿನ ಕಡೆಗೆ ಓಡಿದೆ. ಬಸ್ಸು ಹೂತರೆ ದೂಡಲಿಕ್ಕಾದರೂ ನಾಲ್ಕು ಜನ ಬೇಕಲ್ಲ.

ಹೊಂಡದ ಹತ್ತಿರ ಒಂದು ಟೆಂಪೋ ನಿಂತಿತ್ತು. ಹೊಂಡದಲ್ಲಿ ನನ್ನ ಗಂಡ ನಿಂತಿದ್ದರು. ಮುಂಡಾಸು ಕಟ್ಟಿ, ಮೊಣಕಾಲಿನ ತನಕ ಕೆಂಪು ನೀರು. ಸುತ್ತಲೂ ಅವರ ಪಕ್ಷದ ಆರು ಜನ, ಎಲ್ಲರೂ ಕೋರೆಯವರು. ಟೆಂಪೋದಿಂದ ಕೆಂಪುಕಲ್ಲಿನ ತುಂಡುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದೊಡ್ಡ ತುಂಡು ಅಡಿಗೆ, ಚಿಕ್ಕದು ಸಂದಿಗೆ, ಮೇಲೆ ಪುಡಿ. ನನ್ನ ಗಂಡ ಮರದ ದಿಮ್ಮಿಯಿಂದ ಅದನ್ನು ಧಡ್ ಧಡ್ ಎಂದು ಬಡಿದು ಕೂರಿಸುತ್ತಿದ್ದರು. ಅರ್ಧಕ್ಕಿಂತ ಮೇಲೆ ಇಳಿಜಾರು ಆಗಲೇ ಗಟ್ಟಿ ನೆಲವಾಗಿತ್ತು. ನಾನೂ ಕೊಡೆ ಮಡಚಿ ಸಾಲಿನಲ್ಲಿ ನಿಂತು ಕಲ್ಲು ದಾಟಿಸಿದೆ.

ಕೊನೆಯ ಪುಡಿ ಸುರಿಯುವಾಗ ಗುಡ್ಡದ ಮೇಲೆ ಹಾರ್ನು ಕೇಳಿತು. ನಾವೆಲ್ಲ ರಸ್ತೆ ಬಿಟ್ಟು ಬದಿಗೆ ಹಾರಿದೆವು. ಬಸ್ಸು ಇಳಿಜಾರಿನ ತುದಿಯಲ್ಲಿ ನಿಂತಿತು. ಚಾಲಕ ಇಣುಕಿ ನೋಡಿದ. ನನ್ನ ಗಂಡ ರಸ್ತೆಯ ಮಧ್ಯಕ್ಕೆ ಬಂದು ಎರಡೂ ಕೈಯಲ್ಲಿ, ಬಾ ಬಾ ಎಂದು ಕರೆದರು. ಬಸ್ಸು ಇಳಿಯಿತು. ಮುಂದಿನ ಚಕ್ರ ಹೊಂಡದ ಮೇಲೆ ಬಂತು, ಕಲ್ಲು ಕರಕರ ಎಂದಿತು. ಹಿಂದಿನ ಚಕ್ರ ಬಂತು. ದಾಟಿತು!

ನಾನು ಕೂಗಿದ ಕೂಗಿಗೆ ಮೈಕು ಬೇಕಿರಲಿಲ್ಲ. ಅವರ ಪಕ್ಷದ ಆರೂ ಜನ ತಮ್ಮ ಪಕ್ಷಕ್ಕೆ ಜೈ ಅಂದರು. ನಾನೊಬ್ಬಳೇ ನಮ್ಮ ಪಕ್ಷಕ್ಕೆ ಜೈ ಅಂದೆ, ಆರೂ ಜನರಿಗಿಂತ ಜೋರಾಗಿ. ಎಲ್ಲರೂ ಬಸ್ಸಿನ ಹಿಂದೆ ಕೆಸರಿನಲ್ಲಿ ಓಡಿದೆವು. ತಿರುವಿನಲ್ಲಿ ಧನಿಗಳು ಬಸ್ಸಿಗೆ ಸೇವಂತಿಗೆ ಮಾಲೆ ಹಾಕಿ ಕೈ ಮುಗಿಯುತ್ತಿದ್ದರು. ಕಾಕ ಎಲ್ಲರ ಬಾಯಿಗೂ ಕಲ್ಲುಸಕ್ಕರೆ ಹಾಕುತ್ತಿದ್ದರು. ಬೋರ್ಡಿನ ಮೇಲೆ ಬರೆದಿದ್ದ ಊರನ್ನು ಆ ಬಸ್ಸು ಮೊದಲ ಸಲ ಕಂಡಿತು. ಮಗಳು ಕಿಟಕಿಯ ಬದಿಯ ಸೀಟಿನಲ್ಲಿ ಕುಳಿತು ಚೀಲವನ್ನು ಎದೆಗೆ ಅಪ್ಪಿಕೊಂಡಿದ್ದಳು. ಅವಳ ಅಪ್ಪ ಕೆಸರಿನ ಕೈಯನ್ನು ಕಿಟಕಿಯ ತನಕ ಎತ್ತಿ, ಅವಳ ಅಂಗಿ ಹಾಳಾಗುತ್ತದೆಂದು ನೆನಪಾಗಿ ಕೆಳಗಿಳಿಸಿದರು. ಅವಳೇ ಬಗ್ಗಿ ಆ ಕೈ ಹಿಡಿದಳು.

ಡಾಮರು ಬಂದದ್ದು ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷದ ಮೇಲೆ. ಅಲ್ಲಿಯ ತನಕ ಪ್ರತಿ ಮಳೆಗಾಲಕ್ಕೆ ಎರಡೂ ಪಕ್ಷದವರು ಕೋರೆಯ ತುಂಡು ತಂದು ಆ ಇಳಿಜಾರಿಗೆ ಬಡಿದು ಕೂರಿಸಿದರು. ಒಂದು ದಿನವೂ ಟಯರು ಹೂತುಹೋಗಲಿಲ್ಲ.

ಆ ಬೆಳಿಗ್ಗೆ ಬಸ್ಸು ಹೋದ ಮೇಲೆ ನಾವು ಮನೆಯ ಕಡೆಗೆ ನಡೆದೆವು. ಅವರ ಆರೂ ಜನ ಹಿಂದೆ ಬರುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. "ಸೋತಿರಲ್ಲಾ?" ಎಂದು ಗಂಡನನ್ನು ಕೇಳಿದೆ.

ಅವರು ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು. "ಸೋಲಲಿಕ್ಕೆಂದೇ ಕತ್ತಲೆಗೇ ಎದ್ದು ಕಲ್ಲು ಹೊತ್ತದ್ದು ಮಾರಾಯ್ತಿ. ನಿನ್ನ ಮಣ್ಣಿನ ಮೇಲೆ ನಂಬಿಕೆ ಇಟ್ಟಿದ್ರೆ ನಾನು ಗೆದ್ದುಬಿಡ್ತಿದ್ದೆ."

ಮನೆಗೆ ಬಂದವಳೇ ಒಳಗೆ ಹೋಗಿ ಒಲೆಗೆ ನೀರಿಟ್ಟೆ. ಆರು ಜನರಿಗೂ ಅವರಿಗೂ ಚಹಾ ಮಾಡಿದೆ. ಆ ದಿನ ಸಕ್ಕರೆ ಸರಿಯಾಗಿಯೇ ಹಾಕಿದೆ.